ಡಬ್ಬಿಯೊಳಗಿನ ಹುಳ, ಡಬ್ಬಿಗಿಳಿಯುವ ತೇವ: ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ಕಿಲೋ ಹೆಸರುಕಾಳಿನಿಂದ ಹಿಡಿದು ಐವತ್ತು ಕಿಲೋ ಅಕ್ಕಿ ಮೂಟೆಯವರೆಗೆ ಮನೆಯಲ್ಲಿ ದಿನಸಿ ಇಡುವವರಿಗಾಗಿ ಬರೆದದ್ದು ಇದು. ಗೋದಾಮು, ಅಂಗಡಿಗಳ ಲೆಕ್ಕ ಬೇರೆ.

ಡಬ್ಬಿ ಗಟ್ಟಿಯಾಗಿ ಮುಚ್ಚೇ ಇಟ್ಟಿದ್ದೆವು. ಹುಳ ಎಲ್ಲಿಂದ ಬಂತು?

ಹೆಚ್ಚಿನ ಸಲ ಅಂಗಡಿಯಿಂದಲೇ ಬಂದಿರುತ್ತದೆ, ಅದೂ ಕಾಳಿನ ಹೊಟ್ಟೆಯೊಳಗೆ ಕೂತು. ಅಕ್ಕಿಯ ಮೂತಿಹುಳಕ್ಕೆ ಊರಿಗೊಂದು ಹೆಸರು: ಕುಟ್ಟೆ, ನುಸಿ, ಗುಗ್ಗುರು. ಹೆಣ್ಣುಹುಳ ತನ್ನ ಉದ್ದ ಮೂತಿಯಿಂದ ಕಾಳಿಗೆ ಸಣ್ಣ ಗುಳಿ ಕೊರೆದು, ಒಳಗೊಂದು ಮೊಟ್ಟೆ ಇಟ್ಟು, ಅಂಟಿನಂಥ ಪದಾರ್ಥದಿಂದ ಬಾಯಿ ಮುಚ್ಚಿಬಿಡುತ್ತದೆ. ಮರಿ ಒಳಗೇ ತಿಂದು ಒಳಗೇ ಬೆಳೆಯುತ್ತದೆ. ನಮ್ಮ ಕಡೆಯ 28–30 ಡಿಗ್ರಿ ಸೆಖೆಯಲ್ಲಿ ಸುಮಾರು ಒಂದು ತಿಂಗಳಿಗೆ ದೊಡ್ಡದಾಗಿ ಹೊರಬರುತ್ತದೆ. ತಂದ ದಿನ ಅಕ್ಕಿ ಮಲ್ಲಿಗೆಯ ಹಾಗೆ ಇದ್ದು, ನಲವತ್ತನೇ ದಿನಕ್ಕೆ ಹುಳ ಹರಿದಾಡುವುದು ಇದೇ ಕಾರಣಕ್ಕೆ.

ಹೆಸರುಕಾಳು, ಅಲಸಂದೆ, ಕಡಲೆಕಾಳುಗಳಿಗೆ ಬೀಳುವ ದುಂಬಿ ಇನ್ನೂ ಮುಂಚೆ, ಹೊಲದಲ್ಲಿ ಕಾಯಿ ಒಣಗುವ ಹೊತ್ತಿಗೇ ಮೊಟ್ಟೆ ಇಟ್ಟಿರಬಹುದು. ಒಂದು ಹಿಡಿ ಹೆಸರುಕಾಳನ್ನು ತಟ್ಟೆಗೆ ಹಾಕಿ ಬೆಳಕಿಗೆ ಹಿಡಿದು ನೋಡಿ. ಹಸಿರು ಸಿಪ್ಪೆಯ ಮೇಲೆ ಸೂಜಿಮೊನೆಯಷ್ಟು ಬಿಳಿ ಚುಕ್ಕೆ ಕಂಡರೆ ಉಗುರಿನಿಂದ ಕೆರೆಯಿರಿ. ಧೂಳಾದರೆ ಉದುರುತ್ತದೆ. ಉದುರದೆ ಅಂಟಿಕೊಂಡಿದ್ದರೆ ಅದು ಮೊಟ್ಟೆ ಅಥವಾ ಮೊಟ್ಟೆಯ ಚಿಪ್ಪು. ಮರಿ ಆ ಚಿಪ್ಪಿನ ಅಡಿಯಿಂದಲೇ ನೇರ ಕಾಳಿನೊಳಕ್ಕೆ ಇಳಿಯುವುದರಿಂದ ತೂತು ಕಣ್ಣಿಗೆ ಬೀಳುವುದಿಲ್ಲ. ನಮಗೆ ಕಾಣುವ ದುಂಡನೆಯ ತೂತು ದುಂಬಿ ಹೊರಟುಹೋದ ಬಾಗಿಲು.

ಹಾಗಾಗಿ ಡಬ್ಬಿಗೆ ತುಂಬುವ ಮೊದಲು ಮಾಡುವ ಕೆಲಸವೇ ಮುಖ್ಯ. ಮುಚ್ಚಿದ ಮೇಲೆ ಮಾಡುವ ಉಪಾಯಗಳೆಲ್ಲ ತಡವಾದವು.

ಅಕ್ಕಿಯ ಹುಳ ಬೇಳೆಗೂ ಹೋಗುತ್ತದೆಯೇ? ಎಲ್ಲ ಒಂದೇ ಹುಳವಲ್ಲವೇ?

ಅಲ್ಲ. ಮೂತಿಹುಳಕ್ಕೆ ಬೇಕಾದದ್ದು ಅಕ್ಕಿ, ಗೋಧಿ, ಜೋಳ. ಬೇಳೆಕಾಳಿನ ತಂಟೆಗೆ ಅದು ಸಾಮಾನ್ಯವಾಗಿ ಹೋಗದು. ಕಾಳಿನ ದುಂಬಿಗೆ ಇಡೀ ಕಾಳೇ ಬೇಕು. ಒಡೆದು ಬೇಳೆ ಮಾಡಿದರೆ ಅದರ ಕಾಟ ತೀರಾ ಕಡಿಮೆಯಾಗುತ್ತದೆ. ಹಿಟ್ಟು, ರವೆ, ನುಚ್ಚುಗಳಲ್ಲಿ ಓಡಾಡುವ ಕೆಂಪು ಚಪ್ಪಟೆ ಹುಳ ಇಡೀ ಗಟ್ಟಿ ಕಾಳನ್ನು ಕೊರೆಯಲಾರದು. ಹಾಗಾಗಿ ಅಕ್ಕಿಯಲ್ಲಿ ನುಚ್ಚು ಜಾಸ್ತಿ ಇದ್ದಷ್ಟೂ ಅದಕ್ಕೆ ಹಬ್ಬ. ಜರಡಿ ಹಿಡಿದು ನುಚ್ಚು ತೆಗೆದಿಡುವುದು ಬರೀ ಅನ್ನ ಚೆನ್ನಾಗಿ ಆಗಲಿ ಅಂತಲ್ಲ.

ರವೆ, ಅಕ್ಕಿ, ಜೋಳಗಳು ಜೇಡರ ಬಲೆಯಂಥ ನೂಲಿನಿಂದ ಗಂಟುಗಂಟಾಗಿದ್ದರೆ ಅದು ಬೂದುಬಣ್ಣದ ಪತಂಗದ ಮರಿಯ ಕೆಲಸ. ಸಂಜೆ ಅಡುಗೆಮನೆಯಲ್ಲಿ ಸಣ್ಣ ಪತಂಗ ಹಾರಾಡುತ್ತಿದ್ದರೆ ದೀಪ ಆರಿಸುವ ಬದಲು ಡಬ್ಬಿಗಳನ್ನು ತೆರೆದು ನೋಡಿ. ಧನಿಯಾ, ಅರಿಶಿನ ಕೊಂಬು, ಒಣಶುಂಠಿ, ಮೆಣಸಿನಪುಡಿಗಳಿಗೆ ಬೀಳುವ ಕಂದು ಗುಂಡುದುಂಬಿ ಮತ್ತೊಂದು ಜಾತಿ. ತೆಳು ಪ್ಲಾಸ್ಟಿಕ್ ಕವರನ್ನು ಕೊರೆದುಕೊಂಡೇ ಆಚೆ ಬರುತ್ತದೆ. ಒಂದು ಪೊಟ್ಟಣ ಧನಿಯಾ ಮರೆತುಹೋದರೆ ಇಡೀ ಮಸಾಲೆ ಡಬ್ಬಿಗೆ ಅಂಟುತ್ತದೆ.

ಬೇವಿನ ಎಲೆ, ಲವಂಗ, ಒಣಮೆಣಸಿನಕಾಯಿ ಹಾಕಿದರೆ ಸಾಲದೇ?

ಇವುಗಳ ಘಾಟು ಹೊರಗಿನಿಂದ ಬರುವ ಹುಳವನ್ನು ಒಂದಷ್ಟು ದೂರ ಇಡುತ್ತದೆ. ಕಾಳಿನ ಒಳಗೆ ಕೂತ ಮರಿಗೆ ಅದು ತಾಕುವುದಿಲ್ಲ. ಹುಳ ಸತ್ತ ಅಕ್ಕಿಗೆ ಲವಂಗ ಹಾಕಿದರೆ ಉಪಯೋಗ ಉಂಟು. ಹುಳ ಇರುವ ಅಕ್ಕಿಗೆ ಹಾಕಿದರೆ ಹುಳಕ್ಕೆ ಪಲಾವು ಮಾಡಿಕೊಟ್ಟ ಹಾಗೆ, ಅಷ್ಟೇ.

ಹಸಿ ಬೇವಿನ ಎಲೆಯನ್ನಂತೂ ಹಾಕಲೇಬೇಡಿ. ಎಲೆಯಲ್ಲಿರುವ ನೀರು ಮುಚ್ಚಿದ ಡಬ್ಬಿಯೊಳಗೆ ಕಾಳಿಗೆ ಇಳಿದು, ಎಲೆಯ ಸುತ್ತಲೇ ಬೂಷ್ಟು ಹಿಡಿಯುತ್ತದೆ. ನೆರಳಲ್ಲಿ ಒಣಗಿಸಿ, ಮುರಿದರೆ ಪುಡಿಯಾಗುವಂತಾದ ಮೇಲೆ ಬಟ್ಟೆಯಲ್ಲಿ ಸಡಿಲ ಗಂಟು ಕಟ್ಟಿ ಹಾಕಬಹುದು.

ಬಿಸಿಲಿಗೆ ಹಾಕುತ್ತೇವೆ. ಆದರೂ ಮತ್ತೆ ಬೀಳುತ್ತದಲ್ಲ?

ಬಿಸಿಲಿಗೆ ಹಾಕಿದಾಗ ದೊಡ್ಡ ಹುಳ ಸಾಯುವುದಿಲ್ಲ, ನೆರಳು ಹುಡುಕಿಕೊಂಡು ಓಡುತ್ತದೆ. ಕಾಳನ್ನು ಗುಡ್ಡೆಯಾಗಿ ಹರಡಿದ್ದರೆ ಕೆಳಪದರಕ್ಕೆ ಇಳಿದು ಕೂರುತ್ತದೆ, ಸಂಜೆ ನಿಮ್ಮ ಜೊತೆಗೇ ಒಳಗೆ ಬರುತ್ತದೆ. ಮೊಟ್ಟೆ, ಮರಿಗಳು ಸಾಯಬೇಕಾದರೆ ಕಾಳೇ 60 ಡಿಗ್ರಿಯಷ್ಟು ಬಿಸಿಯಾಗಬೇಕು. ತೆರೆದ ಬಿಸಿಲಲ್ಲಿ ಅಷ್ಟು ಕಾವು ಸಿಗುವುದು ಕಷ್ಟ.

ಬೇಳೆಕಾಳಿಗೆ ಹೀಗೆ ಮಾಡಿ. ಮೊದಲು ಒಂದು ದಿನ ತೆರೆದ ಬಿಸಿಲಲ್ಲಿ ತೇವ ಹೋಗುವಷ್ಟು ಒಣಗಿಸಿ. ಮಾರನೇ ದಿನ ಗೋಣಿಚೀಲದ ಮೇಲೆ ಕಪ್ಪು ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಕಾಳನ್ನು ಒಂದು ಇಂಚಿಗಿಂತ ಕಡಿಮೆ ದಪ್ಪಕ್ಕೆ ಹರಡಿ. ಮೇಲೊಂದು ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ನಾಲ್ಕೂ ಅಂಚಿಗೆ ಇಟ್ಟಿಗೆ, ಕಲ್ಲು ಹೇರಿ. ಮಾರ್ಚ್‌ನಿಂದ ಮೇವರೆಗಿನ ಬಿಸಿಲಲ್ಲಿ ಬೆಳಗ್ಗೆ ಹನ್ನೊಂದರಿಂದ ಮಧ್ಯಾಹ್ನ ಮೂರರವರೆಗೆ ಬಿಟ್ಟರೆ ಒಳಗಿನ ಕಾವು 60 ಡಿಗ್ರಿ ದಾಟುತ್ತದೆ. ಎರಡು ದಿನ ಮಾಡಿದರೆ ನಿಶ್ಚಿಂತೆ. ಮೇಲಿನ ಹಾಳೆಯ ಒಳಮೈ ಬೆವರಿದ್ದರೆ ಕಾಳು ಇನ್ನೂ ಹಸಿ ಎಂದರ್ಥ. ತೆಗೆದು ಮತ್ತೆ ತೆರೆದ ಬಿಸಿಲಿಗೆ ಹಾಕಿ. ಬಿತ್ತನೆಗೆ ಇಟ್ಟ ಬೀಜಕ್ಕೆ ಈ ವಿಧಾನ ಬೇಡ.

ಇಲ್ಲಿ ಆಗುವ ದೊಡ್ಡ ತಪ್ಪು ಕೊನೆಯಲ್ಲಿ. ಬಿಸಿ ಬಿಸಿ ಕಾಳನ್ನೇ ಡಬ್ಬಿಗೆ ಸುರಿದು ಮುಚ್ಚಿದರೆ, ರಾತ್ರಿ ಡಬ್ಬಿ ತಣ್ಣಗಾದಾಗ ಮುಚ್ಚಳದ ಒಳಗೆ ನೀರು ಹನಿಗಟ್ಟಿ ಕಾಳಿನ ಮೇಲೆ ಬೀಳುತ್ತದೆ. ಒಂದೆರಡು ಗಂಟೆ ನೆರಳಲ್ಲಿ ಆರಲು ಬಿಡಿ. ಹಾಗಂತ ರಾತ್ರಿಯಿಡೀ ಹೊರಗೆ ಬಿಟ್ಟರೆ ಇಬ್ಬನಿಯ ತೇವ ಎಳೆದುಕೊಳ್ಳುತ್ತದೆ.

ಅಕ್ಕಿಯನ್ನು ಕಡುಬಿಸಿಲಿಗೆ ಹಾಕಬೇಡಿ, ಬಿರುಕು ಬಿಟ್ಟು ಅನ್ನ ನುಚ್ಚಾಗುತ್ತದೆ. ಅಕ್ಕಿಗೆ ನೆರಳು, ಗಾಳಿ ಸಾಕು. ಹುಳಕ್ಕೆ ಫ್ರೀಜರ್ ಇದೆ.

ಫ್ರೀಜರಿನಲ್ಲಿ ಎಷ್ಟು ದಿನ ಇಡಬೇಕು?

ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಕನಿಷ್ಠ ನಾಲ್ಕು ದಿನ, ಖಾತ್ರಿ ಬೇಕೆಂದರೆ ಒಂದು ವಾರ. ಮೊಟ್ಟೆ, ಮರಿ, ದೊಡ್ಡ ಹುಳ ಎಲ್ಲವೂ ಸಾಯುತ್ತವೆ. ಮನೆಮಟ್ಟಿಗೆ ಇದಕ್ಕಿಂತ ಭರವಸೆಯ ಉಪಾಯ ಇಲ್ಲ. ಒಂದೊಂದು ಕಿಲೋದ ಚಪ್ಪಟೆ ಪೊಟ್ಟಣ ಮಾಡಿ ಇಡಿ. ಐದು ಕಿಲೋ ಚೀಲವನ್ನು ಹಾಗೇ ತುರುಕಿದರೆ ನಡುವಿನ ಕಾಳಿಗೆ ಚಳಿ ಮುಟ್ಟುವುದಕ್ಕೇ ಬಹಳ ಹೊತ್ತು ಬೇಕು.

ಹೊರಗೆ ತೆಗೆದ ಮೇಲೆ ಪೊಟ್ಟಣ ಬಿಚ್ಚಬಾರದು. ಕೋಣೆಯ ಕಾವಿಗೆ ಬರುವವರೆಗೆ, ಅಂದರೆ ಸುಮಾರು ಒಂದು ದಿನ, ಮುಚ್ಚಿದಂತೆಯೇ ಇರಲಿ. ಹೊರಗಡೆ ಕಟ್ಟುವ ನೀರಹನಿ ಪ್ಲಾಸ್ಟಿಕ್ಕಿನ ಮೇಲೇ ಉಳಿಯುತ್ತದೆ. ಅವಸರಕ್ಕೆ ಬಿಚ್ಚಿದರೆ ಅದೇ ಹನಿ ಕಾಳಿನ ಮೇಲೆ ಕೂರುತ್ತದೆ.

ಫ್ರಿಜ್ಜಿನ ಕೆಳಭಾಗದಲ್ಲಿಟ್ಟರೆ ಹುಳದ ಬೆಳವಣಿಗೆ ನಿಲ್ಲುತ್ತದೆಯೇ ಹೊರತು ಬೇಗ ಸಾಯುವುದಿಲ್ಲ.

ಬೇಳೆಗೆ ಹರಳೆಣ್ಣೆ ಸವರುವುದು ಸರಿಯೇ? ಎಷ್ಟು ಸವರಬೇಕು?

ಸರಿಯಾದ, ಹಳೆಯ, ಕೆಲಸ ಮಾಡುವ ಪದ್ಧತಿ. ಎಣ್ಣೆಯ ತೆಳು ಪದರ ಮೊಟ್ಟೆಗೆ ಉಸಿರು ಸಿಗದಂತೆ ಮಾಡುತ್ತದೆ, ದುಂಬಿಗೆ ಹೊಸದಾಗಿ ಮೊಟ್ಟೆ ಅಂಟಿಸುವುದಕ್ಕೂ ಆಗುವುದಿಲ್ಲ. ಒಂದು ಕಿಲೋಗೆ 5 ಮಿಲಿಲೀಟರ್, ಅಂದರೆ ಒಂದು ಸಣ್ಣ ಚಮಚ. ಅಗಲವಾದ ಪಾತ್ರೆಯಲ್ಲಿ ಬೇಳೆ ಹರವಿ, ಅಂಗೈಗೆ ಎಣ್ಣೆ ಹಚ್ಚಿಕೊಂಡು ಐದು ನಿಮಿಷ ಉಜ್ಜಬೇಕು. ಪ್ರತಿ ಕಾಳೂ ಮಿನುಗಬೇಕು, ಆದರೆ ಕೈಗೆ ಜಿಡ್ಡು ಉಳಿಯಬಾರದು. ಸುರಿದು ಸೌಟಿನಲ್ಲಿ ಕಲಸಿದರೆ ಅರ್ಧ ಕಾಳಿಗೆ ತಾಕುವುದೇ ಇಲ್ಲ.

ಮೊಟ್ಟೆಗೆ ಇದು ಮದ್ದು. ಒಳಹೊಕ್ಕ ಮರಿಗೆ ಅಷ್ಟಾಗಿ ಅಲ್ಲ. ಹಾಗಾಗಿ ಕಾಳು ಹೊಸದಾಗಿ ಬಂದ ಕೂಡಲೇ ಸವರಬೇಕು. ಆರೇಳು ತಿಂಗಳಾದರೆ ಎಣ್ಣೆ ಕಮಟು ವಾಸನೆ ಬರಬಹುದು. ಬೇಯಿಸುವ ಮುಂಚೆ ಬಿಸಿನೀರಿನಲ್ಲಿ ಎರಡು ಸಲ ತೊಳೆದರೆ ಸಾಕು. ತೊಗರಿಗೆ ಕೆಮ್ಮಣ್ಣು ಕಟ್ಟುವುದರ ಹಿಂದೆಯೂ ಇಂಥದೇ ಲೆಕ್ಕ: ಮಣ್ಣಿನ ಪದರದ ಮೇಲೆ ಮೊಟ್ಟೆ ಅಂಟಿ ನಿಲ್ಲುವುದು ಕಷ್ಟ.

ಕಾಳು ಸಾಕಷ್ಟು ಒಣಗಿದೆ ಎಂದು ಯಂತ್ರವಿಲ್ಲದೆ ತಿಳಿಯುವುದು ಹೇಗೆ?

ಹಲ್ಲಿಗೆ ಹಾಕಿ ಕಚ್ಚಿ. ‘ಟಕ್’ ಎಂದು ಎರಡು ತುಂಡಾದರೆ ಒಣಗಿದೆ. ಹಲ್ಲಿನ ಗುರುತು ಮೂಡಿ ಚಪ್ಪಟೆಯಾದರೆ ಇಲ್ಲ. ಹಿರಿಯರಿಗೆ ಇಷ್ಟು ಸಾಕಿತ್ತು.

ಇನ್ನೂ ಖಚಿತವಾಗಿ ಬೇಕಿದ್ದರೆ ಉಪ್ಪಿನ ಪರೀಕ್ಷೆ ಇದೆ. ಎರಡು ದೊಡ್ಡ ಚಮಚ ಪುಡಿ ಉಪ್ಪನ್ನು ಬಾಣಲೆಯಲ್ಲಿ ಬಿಸಿ ಮಾಡಿ ಪೂರ್ತಿ ಒಣಗಿಸಿ, ಆರಿಸಿ. ಒಣಗಿದ ಗಾಜಿನ ಬಾಟಲಿಗೆ ಈ ಉಪ್ಪು ಹಾಕಿ, ಬಾಟಲಿಯ ಮೂರನೇ ಒಂದು ಭಾಗದಷ್ಟು ಕಾಳು ತುಂಬಿ, ಮುಚ್ಚಿ ಒಂದು ನಿಮಿಷ ಚೆನ್ನಾಗಿ ಕುಲುಕಿ. ಹದಿನೈದು ನಿಮಿಷ ಬಿಡಿ. ಉಪ್ಪು ಬಾಟಲಿಯ ಗೋಡೆಗೆ ಅಂಟಿಕೊಂಡಿದ್ದರೆ ಕಾಳಿನಲ್ಲಿ ಶೇ 15ಕ್ಕಿಂತ ಹೆಚ್ಚು ತೇವವಿದೆ, ಇಡಲು ಲಾಯಕ್ಕಲ್ಲ. ಉಪ್ಪೆಲ್ಲ ಕೆಳಗೆ ಉದುರಿದ್ದರೆ ಅದಕ್ಕಿಂತ ಕಡಿಮೆ. ತಿಂಗಳುಗಟ್ಟಲೆ ಇಡುವುದಾದರೆ ಅಕ್ಕಿ, ಗೋಧಿ, ಜೋಳದಲ್ಲಿ ಶೇ 12ರ ಆಸುಪಾಸು, ಬೇಳೆಕಾಳಿನಲ್ಲಿ ಶೇ 10ರ ಆಸುಪಾಸು ತೇವ ಇರುವುದು ಒಳ್ಳೆಯದು. ಹಾಗಾಗಿ ಉಪ್ಪಿನ ಪರೀಕ್ಷೆ ಪಾಸಾದ ಕಾಳಿಗೂ ಇನ್ನೊಂದು ದಿನದ ಬಿಸಿಲು ನಷ್ಟವೇನಲ್ಲ.

ಸ್ಟೀಲ್ ಡಬ್ಬಿ ಒಳ್ಳೆಯದೋ, ಪ್ಲಾಸ್ಟಿಕ್ಕೋ?

ಪದಾರ್ಥಕ್ಕಿಂತ ಮುಚ್ಚಳ ಮುಖ್ಯ. ನಮ್ಮ ಬಹುತೇಕ ಸ್ಟೀಲ್ ಡಬ್ಬಿಗಳ ಮುಚ್ಚಳ ಬರೀ ಮೇಲೆ ಕೂರುತ್ತದೆ, ಗಾಳಿ ತಡೆಯುವುದಿಲ್ಲ. ರಾತ್ರಿ ದೀಪ ಆರಿಸಿ, ಮೊಬೈಲಿನ ಟಾರ್ಚ್ ಹೊತ್ತಿಸಿ ಖಾಲಿ ಡಬ್ಬಿಯೊಳಗಿಟ್ಟು ಮುಚ್ಚಿ ನೋಡಿ. ಅಂಚಿನಲ್ಲಿ ಬೆಳಕಿನ ಗೆರೆ ಕಂಡರೆ ಅಲ್ಲಿ ತೇವವೂ ಹೋಗುತ್ತದೆ, ಹುಳದ ಮರಿಯೂ ಹೋಗುತ್ತದೆ. ಇಂಥ ಡಬ್ಬಿಗೆ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಾಳು ತುಂಬಿ, ಬಾಯಿ ತಿರುಚಿ ರಬ್ಬರ್ ಬ್ಯಾಂಡ್ ಹಾಕಿ ಇಡಿ. ರಬ್ಬರ್ ಉಂಗುರವಿರುವ ಗಾಜಿನ ಜಾಡಿ, ತಿರುಪು ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ಎರಡೂ ಆಗುತ್ತವೆ.

ಹಳೆಯದರ ಮೇಲೆ ಹೊಸದನ್ನು ಸುರಿಯುವ ಅಭ್ಯಾಸ ಮಾತ್ರ ಬಿಡಬೇಕು. ತಳದಲ್ಲಿ ಉಳಿದ ಎರಡು ಹಿಡಿ ರವೆ, ಮುಚ್ಚಳದ ತಿರುಪಿನ ಸಂದಿಯಲ್ಲಿ ಕೂತ ಹಿಟ್ಟು, ಇಷ್ಟೇ ಸಾಕು ಹುಳಕ್ಕೆ. ಡಬ್ಬಿ ಖಾಲಿ ಮಾಡಿ, ಬಿಸಿನೀರಲ್ಲಿ ತೊಳೆದು, ಮುಚ್ಚಳದ ಸಂದಿಯನ್ನು ಹಳೆಯ ಟೂತ್‌ಬ್ರಷ್ಷಿನಿಂದ ಉಜ್ಜಿ, ಎರಡು ಗಂಟೆ ಬಿಸಿಲಲ್ಲಿ ಬೋರಲು ಹಾಕಿ, ಆಮೇಲೆ ತುಂಬಿ.

ವರ್ಷಕ್ಕಾಗುವಷ್ಟು ಕಾಳು ಊರಿಂದ ಬರುತ್ತದೆ. ಫ್ರೀಜರಿನಲ್ಲಿ ಜಾಗವಿಲ್ಲ. ಏನು ಮಾಡುವುದು?

ಎರಡು ಲೀಟರಿನ ಕುಡಿಯುವ ನೀರಿನ ಖಾಲಿ ಬಾಟಲಿಗಳನ್ನು ಕೂಡಿಡಿ. ಒಳಗೆ ಒಂದು ಹನಿ ನೀರೂ ಇಲ್ಲದಂತೆ ಒಣಗಿಸಿ, ಚೆನ್ನಾಗಿ ಒಣಗಿದ ಕಾಳನ್ನು ಕುಟ್ಟಿ ಕುಟ್ಟಿ ಕಂಠದವರೆಗೆ ತುಂಬಿ, ಮುಚ್ಚಳ ಬಿಗಿ ಮಾಡಿ. ತೆರೆಯದೆ ಒಂದು ತಿಂಗಳು ಬಿಡಿ. ಒಳಗಿರುವ ಸ್ವಲ್ಪ ಗಾಳಿಯ ಆಮ್ಲಜನಕವನ್ನು ಹುಳಗಳೇ ಉಸಿರಾಡಿ ಮುಗಿಸಿ, ತಾವೇ ಸಾಯುತ್ತವೆ. ಅರ್ಧ ತುಂಬಿದ ಬಾಟಲಿಯಲ್ಲಿ ಇದು ನಡೆಯುವುದಿಲ್ಲ, ಗಾಳಿ ಹೆಚ್ಚಿರುತ್ತದೆ. ಮಧ್ಯೆ ಮಧ್ಯೆ ತೆರೆದು ಇಣುಕಿದರೂ ಲೆಕ್ಕ ಮೊದಲಿನಿಂದ ಶುರು. ಬಳಸಲು ಒಂದು ಬಾಟಲಿ ಒಡೆದರೆ ಉಳಿದವು ಮುಚ್ಚಿಯೇ ಇರುತ್ತವೆ, ಇದೇ ದೊಡ್ಡ ಅನುಕೂಲ.

ನೆಲದಡಿಯ ಹಗೇವಿನಲ್ಲಿ ರಾಗಿ ವರ್ಷಗಟ್ಟಲೆ ಕೆಡದೆ ಉಳಿಯುತ್ತಿದ್ದುದರ ಗುಟ್ಟೂ ಇದೇ. ಬಾಯಿ ಮುಚ್ಚಿ ಮಣ್ಣು ಮೆತ್ತಿದ ಮೇಲೆ ಒಳಗೆ ಉಸಿರಾಡುವ ಗಾಳಿ ಉಳಿಯುತ್ತಿರಲಿಲ್ಲ. ತೆರೆದ ಕೂಡಲೇ ಹಗೇವಿಗೆ ಇಳಿದವರ ಪ್ರಾಣ ಹೋಗುವ ಅಪಾಯವಿದ್ದದ್ದೂ ಅದಕ್ಕೇ. ರಾಗಿಯ ಕಾಳು ತೀರಾ ಸಣ್ಣದಾದ್ದರಿಂದ ಒಳಗೆ ಕೂತು ಬೆಳೆಯುವ ಹುಳಕ್ಕೆ ಅಲ್ಲಿ ಜಾಗವೂ ಸಾಲದು.

ಡ್ರಮ್ಮಿನಲ್ಲಿ ಕಾಳು ಇಡುವವರು ಮೇಲೆ ತೆಳು ಬಟ್ಟೆ ಹಾಸಿ ಮೂರು ಇಂಚು ದಪ್ಪಕ್ಕೆ ಒಣ ಮರಳು ಹಾಕಬಹುದು. ಕಾಳಿನ ದುಂಬಿಗೆ ಮರಳು ದಾಟಿ ಓಡಾಡುವುದು ಕಷ್ಟ. ಅಕ್ಕಿಗೆ ಇದು ಬೇಡ, ಮರಳು ಬೆರೆತರೆ ಆರಿಸುವವರ ಪಾಡು ಹೇಳತೀರದು.

ಗಿರಣಿಯಿಂದ ತಂದ ಹಿಟ್ಟು ಒಂದೇ ವಾರಕ್ಕೆ ಗಂಟು ಕಟ್ಟುತ್ತದೆ. ಯಾಕೆ?

ಬಿಸಿ ಇರುವಾಗಲೇ ಮುಚ್ಚಿದ್ದರಿಂದ. ಗಿರಣಿಯ ಹಿಟ್ಟು ಕೈ ಸುಡುವಷ್ಟು ಬಿಸಿ ಇರುತ್ತದೆ. ಮನೆಗೆ ಬಂದ ಕೂಡಲೇ ಪೇಪರಿನ ಮೇಲೆ ಹರವಿ, ಫ್ಯಾನಿನ ಕೆಳಗೆ ಪೂರ್ತಿ ಆರಿಸಿ, ಜರಡಿ ಹಿಡಿದು ತುಂಬಿ. ಗಿರಣಿಯಲ್ಲಿ ನಿಮಗಿಂತ ಮುಂಚೆ ಯಾರು ಏನು ಬೀಸಿಸಿದರೋ, ಅವರ ಹುಳದ ಮೊಟ್ಟೆಯೂ ನಿಮ್ಮ ಪಾಲಿಗೆ ಬರಬಹುದು. ಅದಕ್ಕೆ ಹದಿನೈದು ದಿನಕ್ಕಾಗುವಷ್ಟೇ ಬೀಸಿಸುವುದು ಲೇಸು. ಸಜ್ಜೆ ಹಿಟ್ಟನ್ನಂತೂ ವಾರಕ್ಕಿಂತ ಹೆಚ್ಚು ಇಡಬೇಡಿ. ಅದರಲ್ಲಿ ಎಣ್ಣೆಯಂಶ ಜಾಸ್ತಿ, ಹುಳ ಬೀಳುವ ಮೊದಲೇ ಕಹಿಯಾಗುತ್ತದೆ.

ರವೆಯನ್ನು ತಂದ ದಿನವೇ ಸಣ್ಣ ಉರಿಯಲ್ಲಿ ಆರೇಳು ನಿಮಿಷ ಬೆಚ್ಚಗೆ ಹುರಿದು, ಪೂರ್ತಿ ಆರಿಸಿ ಇಡಿ. ಬಣ್ಣ ಬದಲಾಗುವುದು ಬೇಡ, ಕೈಯಲ್ಲಿ ಮುಟ್ಟಲಾಗದಷ್ಟು ಬಿಸಿಯಾದರೆ ಸಾಕು.

ತೇವ ಎಳೆಯಲಿ ಅಂತ ಡಬ್ಬಿಯಲ್ಲಿ ಉಪ್ಪಿನ ಗಂಟು ಇಡಬಹುದೇ?

ಪ್ರಯೋಜನ ಕಡಿಮೆ. ಗಾಳಿಯ ತೇವ ಶೇ 75 ದಾಟಿದ ಮೇಲಷ್ಟೇ ಉಪ್ಪು ನೀರು ಎಳೆಯುತ್ತದೆ, ಅಷ್ಟು ತೇವಕ್ಕೆ ಕಾಳು ಆಗಲೇ ಮೆತ್ತಗಾಗಿರುತ್ತದೆ. ಆಮೇಲೆ ಗಂಟೇ ನೀರು ಸುರಿಸುತ್ತದೆ. ಕಲ್ಲುಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಬೆರೆತಿರುವುದರಿಂದ ಅದು ಇನ್ನೂ ಬೇಗ ನೀರೊಡೆಯುತ್ತದೆ.

ಸಿಲಿಕಾ ಜೆಲ್ ವಾಸಿ. ಐದು ಲೀಟರ್ ಡಬ್ಬಿಗೆ 20–25 ಗ್ರಾಮಿನ ಒಂದು ಪೊಟ್ಟಣ. ನೀಲಿ ಹರಳಿನದು ಬೇಡ, ಅದರ ಬಣ್ಣಕ್ಕೆ ಕೋಬಾಲ್ಟ್ ಬಳಸಿರುತ್ತಾರೆ. ಆಹಾರಕ್ಕೆಂದು ಮಾರುವ ಬಿಳಿಯದನ್ನೇ ಕೊಳ್ಳಿ. ಸರಿಯಾಗಿ ಮುಚ್ಚದ ಡಬ್ಬಿಯಲ್ಲಿಟ್ಟರೆ ಅದು ಅಡುಗೆಮನೆಯ ತೇವವನ್ನೆಲ್ಲ ಎಳೆದು ಎರಡು ದಿನಕ್ಕೆ ಸುಸ್ತಾಗುತ್ತದೆ.

ಕರಾವಳಿ, ಮಲೆನಾಡಿನ ಮಳೆಗೆ ಮೆಣಸು, ಹುಣಸೆ, ಬೆಲ್ಲ, ಕೊಬ್ಬರಿ ಉಳಿಸುವುದು ಹೇಗೆ?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿಯ ಗಾಳಿಯೇ ಒದ್ದೆ ಬಟ್ಟೆ ಇದ್ದ ಹಾಗೆ. ಒಲೆಯ ಮೇಲಿನ ಅಟ್ಟ, ಹೊಗೆ ಇದ್ದ ಕಾಲದಲ್ಲಿ ಅದೇ ಒಣಗಿಸುತ್ತಿತ್ತು. ಗ್ಯಾಸ್ ಒಲೆಯ ಮೇಲಿನ ಕಪಾಟು ಅದರ ತದ್ವಿರುದ್ಧ, ಕುಕ್ಕರಿನ ಹಬೆಯೆಲ್ಲ ಅಲ್ಲಿಗೇ. ದಿನಸಿಯನ್ನು ಅಲ್ಲಿಂದ ಇಳಿಸಿ.

ಒಣಮೆಣಸನ್ನು ಮೇ ತಿಂಗಳಲ್ಲೇ ಅಲುಗಾಡಿಸಿದರೆ ಬೀಜ ಗಲಗಲ ಎನ್ನುವಷ್ಟು ಒಣಗಿಸಿ, ತೊಟ್ಟು ತೆಗೆಯದೆ ದಪ್ಪ ಚೀಲಕ್ಕೆ ತುಂಬಿ. ತೊಟ್ಟು ಕಿತ್ತರೆ ಬೂಷ್ಟಿಗೆ ಬಾಗಿಲು ತೆರೆದಂತೆ. ಹುಣಸೆಯ ಬೀಜ, ನಾರು ಬಿಡಿಸಿ, ಕಲ್ಲುಪ್ಪು ಸವರಿ ಒತ್ತಿ ಉಂಡೆ ಕಟ್ಟಿ ಭರಣಿಗೆ ಹಾಕಿ. ಬೀಜ ಉಳಿದರೆ ಬೀಜದ ದುಂಬಿಯೂ ಉಳಿಯುತ್ತದೆ. ಬೆಲ್ಲದ ಅಚ್ಚನ್ನು ಒಂದೊಂದಾಗಿ ಬಟರ್ ಪೇಪರಿನಲ್ಲಿ ಸುತ್ತಿ ಗಾಳಿಯಾಡದ ಡಬ್ಬಿಗೆ.

ಕೊಬ್ಬರಿ, ಕಡಲೆಕಾಯಿ ಬೀಜದ ವಿಷಯದಲ್ಲಿ ಉದಾರತೆ ಬೇಡ. ಹಸಿರು ಹಳದಿ ಬೂಷ್ಟು ಹಿಡಿದಿದ್ದರೆ ಅಫ್ಲಟಾಕ್ಸಿನ್ ಎಂಬ ವಿಷ ಇರಬಹುದು. ಒರೆಸಿದರೂ, ಹುರಿದರೂ, ಬೇಯಿಸಿದರೂ ಅದು ಪೂರ್ತಿ ಹೋಗುವುದಿಲ್ಲ, ಯಕೃತ್ತಿಗೆ ಕುತ್ತು. ಹಸುವಿಗೂ ಹಾಕಬೇಡಿ, ಹಾಲಿಗೆ ಬರುತ್ತದೆ.

ಅಂಗಡಿಯಲ್ಲಿ ಸಿಗುವ ಮಾತ್ರೆ, ಬೋರಿಕ್ ಪುಡಿ ಹಾಕಬಹುದೇ?

ಅಲ್ಯುಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ಮನೆಯೊಳಗೆ ತರಲೇಬೇಡಿ. ಮೂರು ಗ್ರಾಮಿನ ಒಂದು ಮಾತ್ರೆ ಗಾಳಿಯ ತೇವ ತಾಗಿ ಒಂದು ಗ್ರಾಮ್ ಫಾಸ್ಫಿನ್ ಅನಿಲ ಬಿಡುತ್ತದೆ. ಮುಚ್ಚಿದ ಕೋಣೆಯಲ್ಲಿ ಮಲಗಿದವರನ್ನು ಕೊಲ್ಲಲು ಅದು ಸಾಕು, ಅದಕ್ಕೆ ಪ್ರತಿವಿಷವೂ ಇಲ್ಲ. ತರಬೇತಿ, ಪರವಾನಗಿ ಇದ್ದವರು ಗೋದಾಮಿನಲ್ಲಿ ಬಳಸುವ ವಸ್ತು ಅದು. ಪಾದರಸದ ಗುಳಿಗೆಗಳೂ ಬೇಡ, ಪಾದರಸ ಆವಿಯಾಗಿ ಡಬ್ಬಿಯೊಳಗೆಲ್ಲ ಹರಡುತ್ತದೆ. ಬೋರಿಕ್ ಪುಡಿ ಜಿರಲೆಗೆ ಇರಲಿ. ಅಕ್ಕಿಗೆ ಬೆರೆಸಿದರೆ ತೊಳೆದರೂ ಪೂರ್ತಿ ಹೋಗುತ್ತದೆ ಎಂಬ ಭರವಸೆ ಇಲ್ಲ.

ಅಮೆರಿಕದಲ್ಲಿದ್ದೇವೆ, 20 ಪೌಂಡಿನ ಸೋನಾ ಮಸೂರಿ ಚೀಲ ತರುತ್ತೇವೆ. ಅಲ್ಲಿಯೂ ಇದೇ ಕ್ರಮವೇ?

ಹೌದು, ಅಕ್ಕಿಯ ಜೊತೆ ಹುಳವೂ ಪ್ರಯಾಣ ಮಾಡುತ್ತದೆ. ಒಂಬತ್ತು ಕಿಲೋದಷ್ಟಾಗುತ್ತದೆ, ಮೂರು ಪಾಲು ಮಾಡಿ ಸರದಿಯ ಮೇಲೆ ಫ್ರೀಜರಿಗೆ ಹಾಕಿ, ಸರದಿ ಬರುವವರೆಗೆ ಉಳಿದದ್ದು ಮುಚ್ಚಿಯೇ ಇರಲಿ. ಚಳಿಗಾಲದಲ್ಲಿ 15 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿರುವ ಗ್ಯಾರೇಜಿನಲ್ಲಿಟ್ಟರೆ ಮೂತಿಹುಳದ ಸಂತಾನ ಬಹುಪಾಲು ನಿಲ್ಲುತ್ತದೆ, ಆದರೆ ಇದ್ದದ್ದು ಸಾಯುವುದಿಲ್ಲ.

ಹುಳ ಬಿದ್ದದ್ದನ್ನು ತಿನ್ನಬಹುದೇ, ಬಿಸಾಡಬೇಕೇ?

ಅಕ್ಕಿಯಲ್ಲಿ ನಾಲ್ಕಾರು ಹುಳ ಇದ್ದರೆ ಬಿಸಾಡಬೇಕಿಲ್ಲ. ಜರಡಿ ಹಿಡಿದು, ಮೊರದಲ್ಲಿ ಕೇರಿ, ನೀರಿಗೆ ಹಾಕಿದಾಗ ತೇಲುವ ಟೊಳ್ಳು ಕಾಳನ್ನು ಚೆಲ್ಲಿ, ಎರಡು ಮೂರು ಸಲ ತೊಳೆದು ಬೇಯಿಸಿ. ಉಳಿದ ಅಕ್ಕಿ ಫ್ರೀಜರಿಗೆ. ಕಾಳಿನಲ್ಲಿ ಹತ್ತಕ್ಕೆ ಎರಡು ಮೂರು ತೂತಾಗಿದ್ದರೆ ಒಳಗೆಲ್ಲ ಹಿಕ್ಕೆ ತುಂಬಿರುತ್ತದೆ, ಸಾರು ಕಹಿಯಾಗುತ್ತದೆ, ಬಿಡುವುದೇ ಮೇಲು. ಹಿಟ್ಟು ನಸುಗೆಂಪಾಗಿ ಮೂಗಿಗೆ ಹೊಡೆಯುವ ವಾಸನೆ ಬಂದರೆ ಅದು ಕೆಂಪುಹುಳ ಬಿಡುವ ರಸಾಯನದ್ದು, ಜರಡಿ ಹಿಡಿದರೂ ಹೋಗುವುದಿಲ್ಲ. ಬಲೆ ಕಟ್ಟಿದ ರವೆಯೂ ಅಷ್ಟೇ. ಮುಗ್ಗಲು ವಾಸನೆ ಬಂದದ್ದು ಯಾವುದೇ ಇರಲಿ, ಬೇಡ.

ಬಿಸಾಡುವುದನ್ನು ಅಡುಗೆಮನೆಯ ಕಸದ ಬುಟ್ಟಿಗೆ ಸುರಿಯಬೇಡಿ, ಸಂಜೆಯೊಳಗೆ ಹುಳ ಗೋಡೆ ಹತ್ತಿ ಪಕ್ಕದ ಕಪಾಟಿಗೆ ಬಂದಿರುತ್ತದೆ. ಕವರಿನಲ್ಲಿ ಗಂಟು ಕಟ್ಟಿ ಅದೇ ದಿನ ಹೊರಗೆ ಕಳಿಸಿ. ಆ ಡಬ್ಬಿ ಇದ್ದ ಕಪಾಟಿನ ಮೂಲೆ, ಹಲಗೆಯ ಸಂದಿ, ಹಾಸಿದ ಪೇಪರಿನ ಅಡಿ, ಎಲ್ಲವನ್ನೂ ಒರೆಸಿ. ಪಕ್ಕದಲ್ಲಿದ್ದ ಡಬ್ಬಿಗಳನ್ನು ನಾಲ್ಕು ವಾರ ಬಿಟ್ಟು ಇನ್ನೊಮ್ಮೆ ತೆರೆದು ನೋಡಿ.